ಏಸಿಯ ಹಿಂದೆ ಕೂತವನು

ವಾಸನೆ ತನ್ನ ಮೈಯದೇ ಇರಬೇಕೆಂದು ದೇಜಪ್ಪ ಮೊದಲು ಅಂದುಕೊಂಡ. ಮಂಗಳವಾರ ಬೆಳಿಗ್ಗೆ ಏಳು ಗಂಟೆ. ಸೌದಿಯ ಜುಬೈಲಿನ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ, ಕಿಟಕಿಯ ಒಳಗಡೆ, ತನ್ನ ಸ್ಟೂಲಿನ ಮೇಲೆ ಕೂತು ರಿಜಿಸ್ಟರಿನಲ್ಲಿ ತಾರೀಕು ಬರೆಯುವಷ್ಟರಲ್ಲಿ ಅದು ಮೂಗಿಗೆ ಬಂತು. ಹಳೇ ಗಾಯದ ಬಟ್ಟೆ ಬಿಚ್ಚಿದಾಗ ಬರುವಂಥ, ಸ್ವಲ್ಪ ಸಿಹಿಯಾದ, ಗಂಟಲಿನ ಹಿಂದೆ ಹೋಗಿ ಕೂತುಬಿಡುವ ವಾಸನೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಂಕುಳು ಮೂಸಿದ. ಇಸ್ತ್ರಿಯ ವಾಸನೆ ಬಿಟ್ಟರೆ ಬೇರೇನಿಲ್ಲ. ಚಪ್ಪಲಿಯ ಅಡಿ ತಿರುಗಿಸಿ ನೋಡಿದ. ಟಿಫಿನ್ ಡಬ್ಬಿ ತೆರೆದ, ನಿನ್ನೆ ಹುರಿದ ಬಂಗುಡೆ ಮೀನು ಬಾಲ ಮೇಲೆ ಮಾಡಿಕೊಂಡು ಸಭ್ಯವಾಗಿಯೇ ಮಲಗಿತ್ತು. ಆಮೇಲೆ ಬೆನ್ನ ಹಿಂದಿನ ಗೋಡೆಯಲ್ಲಿ ಗುರುಗುಡುತ್ತಿದ್ದ ಏಸಿಯ ಕಡೆ ತಿರುಗಿದ. ತಿರುಗುವ ಮೊದಲೇ ಅವನಿಗೆ ಗೊತ್ತಿತ್ತು. ವಾಸನೆ ಹೊರಗಿನಿಂದ, ಏಸಿಯ ಸಂದಿನಿಂದ ಬರುತ್ತಿದೆ, ಏಸಿಯ ಹಿಂದೆ ಊರಿನ ಐತ ಕೂತಿದ್ದಾನೆ, ಶನಿವಾರದಿಂದ ಕೂತಿದ್ದಾನೆ. ಇಷ್ಟು ಗೊತ್ತಿದ್ದೂ ಕಂಕುಳಿನಿಂದ ಶುರುಮಾಡಿ ಬಂಗುಡೆಯವರೆಗೆ ಮೂಸಿಕೊಂಡು ಬಂದ ತನ್ನ ಮೂಗಿನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಗೊತ್ತಿಲ್ಲದವನ ಹಾಗೆ ನಟಿಸುವುದನ್ನು ಮನುಷ್ಯ ಯಾರ ಎದುರಿಗಾದರೂ ಮಾಡಬಹುದು, ಒಬ್ಬನೇ ಇರುವಾಗಲೂ ಮಾಡುವುದೆಂದರೆ ಅದು ಅಭ್ಯಾಸವೇ ಆಗಿಹೋಗಿದೆ ಎಂದು ಅರ್ಥ.

ಕ್ಲಿನಿಕ್ಕು ಕಂಪೆನಿಯದು, ಕಂಪೆನಿ ಅಮೆರಿಕದ್ದು, ನಿಯಮದ ಪುಸ್ತಕ ಅಲ್ಲಿಂದಲೇ ಅಚ್ಚಾಗಿ ಬಂದದ್ದು. ಅದರ ಪ್ರಕಾರ ಕ್ಯಾಂಪಿನ ಜನರಿಗೆಲ್ಲ ಮೂರು ಬಣ್ಣದ ಕಾರ್ಡು. ನೀಲಿ ಕಾರ್ಡಿನ ಅಧಿಕಾರಿಗಳು ಮುಂಬಾಗಿಲಿನಿಂದ ಬಂದು ಕಾರ್ಪೆಟ್ಟಿನ ಕೋಣೆಯಲ್ಲಿ ಕೂತು ಬಣ್ಣದ ಪತ್ರಿಕೆ ತಿರುವಿಹಾಕಬಹುದು, ಹೊತ್ತುಗೊತ್ತಿಲ್ಲ. ಹಸಿರು ಕಾರ್ಡಿನ ಟೆಕ್ನಿಶಿಯನ್‌ಗಳಿಗೂ ಗುಮಾಸ್ತರಿಗೂ ಮುಂಬಾಗಿಲೇ, ಆದರೆ ಕಾರ್ಪೆಟ್ಟಿಲ್ಲ, ಬೆಂಚು. ದೇಜಪ್ಪನದು ಹಸಿರು. ಸಬ್ ಕಂಟ್ರಾಕ್ಟಿನ ಕೂಲಿಗಳದು ಹಳದಿ. ಅವರು ಫೋರ್‌ಮನ್ ಬರೆದ ಚೀಟಿ ಹಿಡಿದುಕೊಂಡು ಪಕ್ಕದ ತಗಡಿನ ಮಾಡಿನ ಕೆಳಗೆ, ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಈ ಕಿಟಕಿಗೆ ಬರಬೇಕು. ಕಿಟಕಿಯ ಒಳಗೆ ದೇಜಪ್ಪ. ನೀಲಿಯವರ ಪೈಕಿ ಬಿಳಿಯರಲ್ಲದವರು ಎಷ್ಟು ಮಂದಿ ಎಂದು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದಿತ್ತು, ಹಳದಿಯವರ ಪೈಕಿ ಬಿಳಿಯರು ಎಷ್ಟು ಎಂದು ಎಣಿಸಲು ಬೆರಳೇ ಬೇಕಿರಲಿಲ್ಲ. ಆದರೆ ಇಡೀ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಚರ್ಮದ ಬಗ್ಗೆ ಒಂದು ಮಾತಿಲ್ಲ, ಎಲ್ಲ ಬರೀ ಗುತ್ತಿಗೆಯ ತರಗತಿ. ನಾಲ್ಕು ವರ್ಷದ ಹಿಂದೆ ಮೊದಲ ಸಲ ಅದನ್ನು ಓದಿದಾಗ ದೇಜಪ್ಪನಿಗೆ ಸಿಟ್ಟು ಬರಲಿಲ್ಲ, ಮೆಚ್ಚುಗೆಯಾಯಿತು. ನಮ್ಮವರಿಗೆ ಇಷ್ಟು ನಾಜೂಕು ಗೊತ್ತಿಲ್ಲವಲ್ಲ ಎಂದು ಅನ್ನಿಸಿತ್ತು.

ಐತ ಶನಿವಾರ ಬಂದ. ಹಲಗೆಯ ಮೊಳೆ ಬೂಟಿನ ಅಡಿಯನ್ನು ದಾಟಿ ಬಲಗಾಲಿನ ಒಳಗೆ ಹೋಗಿತ್ತಂತೆ. ಕಂಟ್ರಾಕ್ಟರನ ಬಸ್ಸು ಅವನನ್ನು ಕ್ಲಿನಿಕ್ಕಿನ ಎದುರು ಇಳಿಸಿ ಸೈಟಿಗೆ ಹೋಯಿತು. ದೇಜಪ್ಪ ಕಿಟಕಿಯಿಂದ ನೋಡಿದ. ಕುಂಟುತ್ತಾ ಬಂದ ಆ ಕಪ್ಪು ಸಣಕಲು ದೇಹವನ್ನು ಹೆಲ್ಮೆಟ್ಟಿನ ಕೆಳಗೂ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಐತನೂ ಕಿಟಕಿಯೊಳಗಿನ ಮುಖವನ್ನು ನೋಡಿದ. ನೋಡಿದವನು ಅಲ್ಲೇ ನಿಂತ. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಾಲಿನಲ್ಲಿ ಆಗ ಇದ್ದದ್ದು ಮೂರೇ ಜನ. ಆದರೆ ಐತ ಸಾಲಿಗೆ ಬರಲಿಲ್ಲ. ತುಟಿಯಲ್ಲೇ ನಕ್ಕು, ತಲೆ ತಗ್ಗಿಸಿ, ಕಟ್ಟಡದ ಪಕ್ಕದಿಂದ ಹಿಂದಕ್ಕೆ ಹೋದ. ಹಿಂದೆ ಏಸಿಗಳ ಬಿಸಿಗಾಳಿ ಬಡಿಯುವ ಜಾಗ, ಒಂದು ಗೇಣು ಅಗಲದ ನೆರಳು, ಏಸಿಯಿಂದ ತೊಟ್ಟಿಕ್ಕುವ ನೀರು. ಅಲ್ಲಿ ಹೋಗಿ ಕೂತ. ಅಮೆರಿಕದವರ ನಕ್ಷೆಯಲ್ಲಿ ಇದ್ದದ್ದು ಒಂದು ಬಾಗಿಲು, ಒಂದು ಕಿಟಕಿ. ಮೂರನೆಯ ಜಾಗವನ್ನು ಐತ ಊರಿನಿಂದಲೇ ತಂದಿದ್ದ. ಅದು ಯಾವ ಜಾಗ, ಯಾಕಾಗಿ ಎಂದು ಜುಬೈಲಿನ ಅಷ್ಟು ಜನರಲ್ಲಿ ತಿಳಿದಿದ್ದದ್ದು ಅವನಿಗೂ ದೇಜಪ್ಪನಿಗೂ ಮಾತ್ರ.

ಊರಿನಲ್ಲಿ, ಕಿನ್ನಿಗೋಳಿಯ ಡಾಕ್ಟರರ ಔಷಧಿ ಶಾಪಿನ ಹಿಂದೆ ಬಾಟಲಿ ತೊಳೆಯುವ ಕಲ್ಲಿತ್ತು. ಐತನ ಜನ ಅಲ್ಲಿಗೆ ಬಂದು ಕೂರುವುದು. ಕೂರಿ ಎಂದು ಯಾರೂ ಹೇಳಿದ್ದಿಲ್ಲ, ಏಳಿ ಎಂದೂ ಹೇಳಿದ್ದಿಲ್ಲ. ಒಳಗಿನ ಜನವೆಲ್ಲ ಕರಗಿದ ಮೇಲೆ ಕಂಪೌಂಡರ್ ಹಿಂದಕ್ಕೆ ಹೋಗಿ, ಎರಡು ಮಾರು ದೂರ ನಿಂತು, ಎಂತ ಎಂದು ಕೇಳಿ, ಒಳಗೆ ಬಂದು ಡಾಕ್ಟರರಿಗೆ ಹೇಳಿ, ಕೆಂಪು ಔಷಧಿ ತಂದು, ಅವರು ನೆಲದ ಮೇಲಿಟ್ಟ ಬಾಟಲಿಗೆ ಮೇಲಿನಿಂದ ಹೊಯ್ಯುವುದು. ಒಂದು ತೊಟ್ಟು ಚೆಲ್ಲದ ಹಾಗೆ ಸೊಂಟದೆತ್ತರದಿಂದ ಹೊಯ್ಯಲು ಕಲಿತದ್ದರ ಬಗ್ಗೆ ದೇಜಪ್ಪನಿಗೆ ಆಗ ಹೆಮ್ಮೆಯಿತ್ತು. ಆರು ವರ್ಷ ಅಲ್ಲಿ ಕಂಪೌಂಡರನಾಗಿದ್ದವನು ಅವನೇ. ಡಾಕ್ಟರರು ಒಳ್ಳೆಯ ಮನುಷ್ಯ, ಆ ಜನರಿಂದ ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಅವರನ್ನೂ ಮುಟ್ಟುತ್ತಿರಲಿಲ್ಲ. ಇನ್ನು ದೇಜಪ್ಪನ ಮನೆಯವರೇನು ದೊಡ್ಡ ಕುಳಗಳೇ. ಅವನ ಅಪ್ಪನಿಗೂ ಮೇಲ್ಜಾತಿಯವರ ಮನೆಯಲ್ಲಿ ಅಂಗಳದ ಕೆಳಗೇ ಜಾಗ, ಕುಡಿಯಲಿಕ್ಕೆ ತೆಂಗಿನ ಗೆರಟೆ. ಆ ಗೆರಟೆಯನ್ನು ತೊಳೆದು ಬೇಲಿಗೆ ಸಿಕ್ಕಿಸಿ ಬರುವಾಗ ಅಪ್ಪನ ಮುಖ ಹೇಗಾಗುತ್ತಿತ್ತೆಂದು ಅವನು ಕಂಡದ್ದುಂಟು. ಕಂಡದ್ದರಿಂದ ಏನು ಪ್ರಯೋಜನವಾಯಿತು? ಐತ ತನ್ನನ್ನು ಧನಿಗಳೇ ಎಂದು ಕರೆದಾಗ, ಧನಿ ಅನ್ನಿಸಿಕೊಳ್ಳಲು ಒಂದು ಸೆಂಟ್ಸು ಗದ್ದೆಯಿಲ್ಲದ ದೇಜಪ್ಪನ ಹೊಟ್ಟೆಯೊಳಗೆ ಬೆಚ್ಚಗೆ ಏನೋ ಇಳಿದುಹೋಗುತ್ತಿತ್ತು. ಈ ಸುಖದ ನೆನಪೇ ಈಗ ಎಲ್ಲಕ್ಕಿಂತ ಹೊಲಸಾಗಿ ಕಂಡಿತು.

ಊರಿನಲ್ಲಿ ಕೊನೆಗಾದರೂ ಎದ್ದು ಹೋಗಿ ಕೇಳುತ್ತಿದ್ದೆನಲ್ಲ, ಇಲ್ಲಿ ಯಾಕೆ ಹೋಗಲಿಲ್ಲ ಎಂದು ತನ್ನನ್ನೇ ವಿಚಾರಿಸಿದರೆ ಉತ್ತರ ಸರಿಯಾಗಿ ಬರುತ್ತಿರಲಿಲ್ಲ. ಶನಿವಾರ ಹೋಗಬೇಕೆಂದಿದ್ದ. ಆದರೆ ಶನಿವಾರವೇ ಮಿಸೆಸ್ ಟಿಲ್‌ಮನ್ ಬಂದಿಳಿದದ್ದು. ಕಂಪೆನಿಯ ಹೆಡ್ ಆಫೀಸಿನಿಂದ ಒಂದು ವಾರದ ತಪಾಸಣೆಗೆ ಬಂದ ಹಿರಿಯ ನರ್ಸು, ಐವತ್ತು ದಾಟಿದವಳು, ನೀಲಿ ಕಾರ್ಡಿನ ಕರಿಯ ಹೆಂಗಸು. ಅಮೆರಿಕದಲ್ಲಿ ಯಾರೋ ದೊಡ್ಡವರು ಸಭೆಯಲ್ಲಿ ಎದ್ದು ನಿಂತು ಕೇಳಿದ್ದರಂತೆ: ನಮ್ಮಲ್ಲಿ ಸರಕಾರದ ಹಣ ಪಡೆಯುವ ಆಸ್ಪತ್ರೆ ಬಣ್ಣ ನೋಡಿ ರೋಗಿಯನ್ನು ಬೇರೆ ಮಾಡುವ ಹಾಗಿಲ್ಲ, ನಿಮ್ಮ ಹೊರದೇಶದ ಕ್ಲಿನಿಕ್ಕುಗಳಲ್ಲಿ ಏನು ನಡೆಯುತ್ತಿದೆ ಎಂದು. ಅಲ್ಲಿನ ಕಾನೂನು ಸಮುದ್ರ ದಾಟಿ ಇಲ್ಲಿಗೆ ಬರುವುದಿಲ್ಲ, ಆದರೂ ಕೇಳಿದವರಿಗೆ ಒಂದು ವರದಿ ಕೊಡಬೇಕಲ್ಲ. ಅವಳು ದೊಡ್ಡದೊಂದು ಫಾರಂ ತಂದಿದ್ದಳು. ಪ್ರತಿ ರೋಗಿಯ ಹೆಸರಿನ ಮುಂದೆ ಬಂದ ಹೊತ್ತು, ಡಾಕ್ಟರು ನೋಡಿದ ಹೊತ್ತು, ಮತ್ತು ಜನಾಂಗ. ತುಂಬುವ ಕೆಲಸ ದೇಜಪ್ಪನಿಗೆ ಬಂತು. ಹೀಗಿರುವಾಗ ರಿಜಿಸ್ಟರು ಬಿಟ್ಟು ಹಿಂದಕ್ಕೆ ಹೋಗುವುದು ಹೇಗೆ? ಹೋಗಿ ಐತನನ್ನು ಸಾಲಿಗೆ ಕರೆದು, ಅವನು ಎಲ್ಲರೆದುರು ಧನಿಗಳೇ ಎಂದು ಕೈಮುಗಿದು, ಆ ಹೆಂಗಸು ಅದನ್ನು ನೋಡಿ ಇದೇನು ಎಂದು ಕೇಳಿದರೆ? ಅವನಾಗಿಯೇ ಕಿಟಕಿಗೆ ಬರಲಿ, ಬೇಡವೆಂದವರು ಯಾರು, ಎಂದು ಅವನು ತನ್ನಷ್ಟಕ್ಕೇ ವಾದ ಮಾಡಿದ. ಬರುವುದಿಲ್ಲ ಎಂದು ಗೊತ್ತಿದ್ದೇ ಮಾಡಿದ ವಾದ ಅದು.

ಆ ಫಾರಮ್ಮಿನಲ್ಲಿ ಜನಾಂಗಕ್ಕೆ ಐದು ಚೌಕಗಳಿದ್ದವು. ಭಾನುವಾರ ಕೂತು ಹೆಸರು ಹೆಸರಿಗೂ ಗೀಟು ಹಾಕುತ್ತಿದ್ದಾಗ ದೇಜಪ್ಪ ಒಂದು ಕಡೆ ತಡೆದ. ತನ್ನದು ಏಷ್ಯದವರ ಚೌಕ. ಥಾಯ್ಲೆಂಡಿನವನದು ಅದೇ, ಪೇಶಾವರದವನದು ಅದೇ, ಸರಿ. ಐತನ ಹೆಸರು ಬಂದರೆ ಅವನದೂ ಅದೇ. ಅಮೆರಿಕದಲ್ಲಿ ಕೂತು ಇದನ್ನು ಅಚ್ಚುಹಾಕಿದವನು ತನ್ನನ್ನೂ ಐತನನ್ನೂ ಹೆಬ್ಬೆರಳಿನಷ್ಟು ಅಗಲದ ಒಂದೇ ಚೌಕದೊಳಗೆ ಮೈಗೆ ಮೈ ತಾಗುವ ಹಾಗೆ ತುರುಕಿಬಿಟ್ಟಿದ್ದ. ದೇಜಪ್ಪನ ಮೈ ಒಂದು ಸಲ ಜುಮ್ಮೆಂದಿತು. ಮನಸ್ಸು ಮಾಡಿ ಜುಮ್ಮೆನ್ನಿಸಿಕೊಂಡದ್ದಲ್ಲ, ತಾನಾಗಿಯೇ ಬಂದದ್ದು. ಬಂದ ಮೇಲೆ ಪೆನ್ನು ಕೆಳಗಿಟ್ಟು ನೀರು ಕುಡಿದ. ಸೌದಿಗೆ ಬಂದು ನಾಲ್ಕು ವರ್ಷ, ಬ್ಯಾರಿ ಸಿದ್ದೀಕನ ಜೊತೆ ಒಂದೇ ಕೋಣೆ, ಒಂದೇ ತಟ್ಟೆ, ಈ ಮೈಲಿಗೆಯೆಲ್ಲ ಕಳೆದುಹೋಗಿದೆಯೆಂದು ಅವನು ಊರಿಗೆ ಕಾಗದದಲ್ಲಿ ಬರೆದದ್ದೂ ಉಂಟು.

ಸಿದ್ದೀಕ ಡ್ರೆಸ್ಸಿಂಗ್ ಕೋಣೆಯ ಅಟೆಂಡರು, ಮೂಡಬಿದ್ರೆಯ ಕಡೆಯವನು. ಸೋಮವಾರ ಕಸದ ಚೀಲ ಬಿಸಾಡಲು ಹಿಂದೆ ಹೋದವನು ಸೀದಾ ಕಿಟಕಿಯ ಹತ್ತಿರ ಬಂದ.

"ಹಿಂದೆ ನಿಮ್ಮ ಊರಿನವ ಒಬ್ಬ ಕೂತಿದ್ದಾನಲ್ಲ ಮಾರಾಯ. ಕಾಲು ಊದಿ ಕುಂಬಳಕಾಯಿ ಆಗಿದೆ. ಕಿಟಕಿಗೆ ಬಾ ಅಂದ್ರೆ, ಕಂಪೌಂಡರ್ ಧನಿಗಳು ಕರೀತಾರೆ ಅಂತ ಹೇಳ್ತಾನೆ. ಕರೀಲಿಕ್ಕೆ ನಿಂಗೆ ಎಂತ ಆಗಿದೆ?"

ಚೀಟಿ ತಂದಿಲ್ಲ ಅವನು, ಎಂದ ದೇಜಪ್ಪ. ತಂದಿದ್ದಾನೋ ಇಲ್ಲವೋ ಅವನು ಕೇಳಿರಲೇ ಇಲ್ಲ. ರಿಜಿಸ್ಟರಿನಲ್ಲಿ ಹೆಸರು ಏರದೆ ಡ್ರೆಸ್ಸಿಂಗ್ ಕೋಣೆಯಲ್ಲಿ ಒಂದು ತುಂಡು ಹತ್ತಿ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಸಿದ್ದೀಕನ ತಲೆಗೇ ಬರುತ್ತದೆ. ಅವನು, ನೋಡು ಮತ್ತೆ, ಎಂದಷ್ಟೇ ಹೇಳಿ ಒಳಗೆ ಹೋದ. ಮಧ್ಯಾಹ್ನ ಸಿದ್ದೀಕ ತನ್ನ ಪಾಲಿನ ಎರಡು ಖುಬ್ಬೂಸು ರೊಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಕೊಟ್ಟು ಬಂದದ್ದನ್ನು ದೇಜಪ್ಪ ನೋಡಿದ. ನೋಡದ ಹಾಗೆ ಮಾಡಿದ. ದಿನಾ ಸಂಜೆ ನಾಲ್ಕಕ್ಕೆ ಬಸ್ಸು ಬಂದು ಐತನನ್ನು ಕರೆದೊಯ್ಯುತ್ತಿತ್ತು, ಬೆಳಿಗ್ಗೆ ತಂದು ಇಳಿಸುತ್ತಿತ್ತು. ಅವನಿಗೆ ಚಿಕಿತ್ಸೆ ನಡೆಯುತ್ತಿದೆ ಎಂದು ಫೋರ್‌ಮನ್ ನಂಬಿದ್ದ. ಕ್ಲಿನಿಕ್ಕಿಗೆ ಬರುವುದೆಂದರೆ ಇದೇ ಎಂದು ಐತನೂ ನಂಬಿದ್ದ.

ಅದೇ ಸೋಮವಾರ ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಮಿಸೆಸ್ ಟಿಲ್‌ಮನ್ ಎರಡು ಲೋಟ ಕಾಫಿ ತಂದು ಒಂದನ್ನು ದೇಜಪ್ಪನ ಮುಂದಿಟ್ಟಿದ್ದಳು. ನೀಲಿ ಕಾರ್ಡಿನವರು ಯಾರೂ ಇಲ್ಲಿಯವರೆಗೆ ಅವನಿಗೆ ಕಾಫಿ ತಂದುಕೊಟ್ಟದ್ದಿಲ್ಲ. ಕ್ಲಿನಿಕ್ಕಿನ ಮ್ಯಾನೇಜರು ಅವನನ್ನು ಡೇವ್ ಎಂದು ಕರೆಯುತ್ತಿದ್ದ, ದೇಜಪ್ಪ ಎನ್ನಲು ಅವನಿಗೆ ಪುರುಸೊತ್ತಿಲ್ಲ. ಇವಳು ಮೊದಲ ದಿನವೇ ಹೆಸರು ಬರೆಸಿಕೊಂಡು, ಮೂರು ಸಲ ತಪ್ಪಿ, ನಾಲ್ಕನೇ ಸಲ ಸರಿಯಾಗಿ ಹೇಳಿದ್ದಳು. ಈಗ ಕಾಫಿ ಕುಡಿಯುತ್ತಾ ತನ್ನ ಊರಿನ ಆಸ್ಪತ್ರೆಯ ಸಂಗತಿ ಹೇಳಿದಳು. ಅಲಬಾಮಾದ ಸಣ್ಣ ಪೇಟೆಯಂತೆ. ಬಿಳಿಯರಿಗೆ ಮುಂದಿನ ಮೆಟ್ಟಿಲು, ಕರಿಯರಿಗೆ ಹಿಂದೆ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಬಾಗಿಲು, ಮೇಲೊಂದು ಬೋರ್ಡು. ಕೆಳಗಿನ ವಾರ್ಡಿನಲ್ಲಿ ಹಾಸಿಗೆ ತುಂಬಿದ್ದರೆ ಮೇಲೆ ಎಷ್ಟು ಖಾಲಿಯಿದ್ದರೂ ಇಲ್ಲ. ಅವಳ ತಮ್ಮ ಎಂಟು ವರ್ಷದವನು, ಹೊಟ್ಟೆನೋವೆಂದು ಅಲ್ಲಿ ಇಡೀ ಹಗಲು ಬೆಂಚಿನ ಮೇಲೆ ಕೂತಿದ್ದು, ಕೂತಲ್ಲೇ ಕರುಳು ಒಡೆದು ತೀರಿಕೊಂಡನಂತೆ. ಆಮೇಲೆ ಅರುವತ್ತಾರರಲ್ಲಿ ಮುದುಕರ ಚಿಕಿತ್ಸೆಗೆಂದು ಸರಕಾರದ ಹಣ ಬರುವುದಾಯಿತು, ಬಣ್ಣ ನೋಡುವ ಆಸ್ಪತ್ರೆಗೆ ಹಣವಿಲ್ಲ ಎಂದಾಯಿತು. ಇಷ್ಟು ವರ್ಷ ಆಗದ್ದು ಒಂದೇ ವಾರದಲ್ಲಿ ಆಯಿತು.

"ಬೋರ್ಡು ಕಿತ್ತುಹಾಕಲು ಅವರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ," ಎಂದಳು. "ಆದರೆ ನಮ್ಮಮ್ಮ ಸಾಯುವವರೆಗೂ ಹಿಂದಿನ ಬಾಗಿಲಿನಿಂದಲೇ ಹೋದಳು. ನಾನು ಅದೇ ಆಸ್ಪತ್ರೆಯಲ್ಲಿ ನರ್ಸಾದ ಮೇಲೂ. ಕಿಟಕಿಯಲ್ಲಿದ್ದ ಗುಮಾಸ್ತ ಒಮ್ಮೆ, ಒಂದೇ ಒಂದು ಸಲ, ಅಮ್ಮಾ ಈಚೆ ಬನ್ನಿ ಅಂದಿದ್ದರೆ ಬರುತ್ತಿದ್ದಳೋ ಏನೋ. ಅವನು ಒಳ್ಳೆಯವನೇ. ಅವನು ಅನ್ನಲಿಲ್ಲ."

ದೇಜಪ್ಪನ ಕಣ್ಣಿನಲ್ಲಿ ನೀರು ಬಂದಿತ್ತು. ಸುಳ್ಳು ನೀರಲ್ಲ. ಎಂಟು ವರ್ಷದ ಆ ಹುಡುಗನಿಗಾಗಿ, ಹಿಂದಿನ ಬಾಗಿಲಿನ ಆ ಮುದುಕಿಗಾಗಿ ಅವನ ಹೊಟ್ಟೆ ನಿಜವಾಗಿ ಉರಿದಿತ್ತು. ಎಂಥ ಜನರಪ್ಪ, ಎಂದಿದ್ದ. ಇಲ್ಲಿ ಹಾಗೇನಾದರೂ ಇದೆಯಾ ಎಂದು ಅವಳು ಕೇಳಿದಾಗ, ಇಲ್ಲ ಮೇಡಂ, ಚೀಟಿ ತಂದವರನ್ನೆಲ್ಲ ನಾನು ಸಾಲಿನ ಪ್ರಕಾರವೇ ಕಳಿಸುತ್ತೇನೆ, ಎಂದು ರಿಜಿಸ್ಟರು ತಿರುಗಿಸಿ ತೋರಿಸಿದ್ದ. ರಿಜಿಸ್ಟರಿನಲ್ಲಿ ಒಂದು ತಪ್ಪಿರಲಿಲ್ಲ. ಆಗ ಐತನನ್ನು ಒಯ್ದ ಬಸ್ಸು ಗೇಟು ದಾಟಿ ಹತ್ತು ನಿಮಿಷವಾಗಿತ್ತಷ್ಟೆ. ರಾತ್ರಿ ಮಲಗಿದಾಗ ನಾಳೆ ಖಂಡಿತ ಕರೆಯುತ್ತೇನೆ ಎಂದುಕೊಂಡು, ಆ ನಿರ್ಧಾರದ ಸಮಾಧಾನದಲ್ಲಿ ಚೆನ್ನಾಗಿಯೇ ನಿದ್ದೆ ಮಾಡಿದ.

ನಾಳೆ ಎಂದದ್ದು ಈಗ ಇವತ್ತಾಗಿತ್ತು. ಎಂಟು ಗಂಟೆ ಕಳೆಯಿತು, ಕಿಟಕಿ ಮುಚ್ಚುವ ಹೊತ್ತು. ಏಳಬೇಕೆಂದು ಎರಡು ಸಲ ಕಾಲು ನೆಲಕ್ಕೆ ಊರಿದ. ಈಗ ಕರೆದರೆ ಬಂದ ತಾರೀಕು ಎಂದು ಏನು ಬರೆಯುವುದು? ಪುಸ್ತಕದಲ್ಲಿ ಇನ್ನೊಂದು ನಿಯಮವಿತ್ತು, ಅದು ಅವನಿಗೆ ಬಾಯಿಪಾಠ. ಪೆಟ್ಟಾದ ಹಳದಿ ಕಾರ್ಡಿನವನು ಅದೇ ದಿನ ಇಲ್ಲವೇ ಮರುದಿನ ಕ್ಲಿನಿಕ್ಕಿಗೆ ಬಂದರೆ ಅವನು ಕಂಪೆನಿಯ ಹೊಣೆ: ದಮ್ಮಾಮಿನ ದೊಡ್ಡ ಆಸ್ಪತ್ರೆ, ಅಮೆರಿಕದ ಸರ್ಜನ್ನರು, ಕಾಲು ಗುಣವಾಗುವ ತನಕ ಹಾಸಿಗೆ. ಅದಕ್ಕಿಂತ ತಡವಾಗಿ ಬಂದರೆ ಅವನನ್ನು ಕರೆಸಿಕೊಂಡ ಕಂಟ್ರಾಕ್ಟರನ ಹೊಣೆ. ಕಂಟ್ರಾಕ್ಟರನೆಂದರೆ ಅವನ ಕಫೀಲ್, ಅವನ ಕೈಯಲ್ಲೇ ಪಾಸ್‌ಪೋರ್ಟು, ಮತ್ತು ಕಫೀಲ್‌ಗಳು ಇಂಥವರನ್ನು ಏನು ಮಾಡುತ್ತಾರೆಂದು ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತು. ಗಾಯಕ್ಕೊಂದು ಬಟ್ಟೆ ಸುತ್ತಿಸಿ ಬೊಂಬಾಯಿಯ ವಿಮಾನ ಹತ್ತಿಸುತ್ತಾರೆ. ಶನಿವಾರವೆಂದು ಬರೆದರೆ ಐತನ ಕಾಲು ಉಳಿಯಬಹುದು. ಬರೆದರೆ, ಶನಿವಾರದಿಂದ ಇವನೆಲ್ಲಿದ್ದ ಎಂದು ಆ ಹೆಂಗಸು ಕೇಳುತ್ತಾಳೆ. ವಾಸನೆ ಇನ್ನೊಂದು ಅಲೆಯಾಗಿ ಒಳಗೆ ಬಂತು. ದೇಜಪ್ಪ ಎದ್ದು ಏಸಿಯ ಗಾಳಿಸಂದನ್ನು ಎಳೆದು ಮುಚ್ಚಿ ಮತ್ತೆ ಬಂದು ಕೂತ.

ಹತ್ತು ಗಂಟೆಗೆ ಮಿಸೆಸ್ ಟಿಲ್‌ಮನ್ ಒಳಗೆ ಬಂದವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ಮೂವತ್ತು ವರ್ಷ ನರ್ಸಾಗಿ ದುಡಿದವಳಿಗೆ ಕಂಕುಳು ಬಂಗುಡೆ ಎಂದು ಹುಡುಕುವ ಅಗತ್ಯ ಬೀಳುವುದಿಲ್ಲ. ಇದು ಏನು ಎಂದಳು. ಡ್ರೈನೇಜು ಮೇಡಂ, ಎಂದ ದೇಜಪ್ಪ, ಬಾಯಿ ತಾನಾಗಿಯೇ ಹೇಳಿತು. ಅವಳು ಅವನ ಮುಖವನ್ನು ನೋಡಿ ಹೊರಗೆ ಹೋದಳು. ಕಟ್ಟಡದ ಸುತ್ತ ಜಲ್ಲಿಕಲ್ಲಿನ ಮೇಲೆ ಅವಳ ಬೂಟಿನ ಸದ್ದು ಪಕ್ಕಕ್ಕೆ ಹೋಯಿತು, ಹಿಂದಕ್ಕೆ ಹೋಯಿತು, ಏಸಿಯ ಹತ್ತಿರ ನಿಂತಿತು. ಆಮೇಲೆ ಅವಳು ಸಿದ್ದೀಕನನ್ನು ಕೂಗಿದಳು.

ಇಬ್ಬರೂ ಸೇರಿ ಐತನನ್ನು ಎತ್ತಿ ನಿಲ್ಲಿಸಿ, ಹೆಗಲಿಗೆ ಕೈ ಹಾಕಿಸಿಕೊಂಡು, ಮುಂದಿನಿಂದ ಕರೆತಂದರು. ಹತ್ತಿರವಿದ್ದದ್ದು ಪಕ್ಕದ ಕಿಟಕಿ. ಅವಳು ಬೇಕೆಂದೇ ಮುಂಬಾಗಿಲಿಗೆ ಕರೆತಂದಳು. ಕಾರ್ಪೆಟ್ಟಿನ ಮೇಲೆ ಕೂತಿದ್ದ ಇಬ್ಬರು ನೀಲಿ ಕಾರ್ಡಿನವರು ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದರು. ಐತನ ಮುಖ ಬೂದಿಯ ಬಣ್ಣವಾಗಿತ್ತು, ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಕಾಲಿಗೆ ಸಿಮೆಂಟು ಚೀಲದ ಬಟ್ಟೆ ಸುತ್ತಿದ್ದ, ಅದರೊಳಗಿನಿಂದ ಹೊರಬಂದ ಬೆರಳುಗಳು ಬೆರಳುಗಳ ಹಾಗೆ ಇರಲಿಲ್ಲ. ಇಷ್ಟಾದರೂ ಹೊಸ್ತಿಲ ಹತ್ತಿರ ಬಂದಾಗ ಅವನು ಒಂದು ಕಾಲಿನಲ್ಲೇ ಗಟ್ಟಿಯಾಗಿ ನಿಂತುಬಿಟ್ಟ. ಅವಳು ಎಳೆದರೂ ಬರಲಿಲ್ಲ. ಒಳಗೆ ನಿಂತಿದ್ದ ದೇಜಪ್ಪನ ಕಡೆ ನೋಡಿದ.

"ಧನಿಗಳೇ," ಎಂದ ತುಳುವಿನಲ್ಲಿ, ಮೆಲ್ಲಗೆ. "ಈ ಅಮ್ಮ ಒಳಗೆ ಕರೀತಾರೆ. ಬರ್ಲಿಕ್ಕೆ ಆಗ್ತದಾ?"

ಎಲ್ಲರೂ ದೇಜಪ್ಪನನ್ನು ನೋಡಿದರು. ಮಿಸೆಸ್ ಟಿಲ್‌ಮನ್‌ಗೆ ಮಾತು ಅರ್ಥವಾಗಲಿಲ್ಲ, ಆದರೆ ಆ ನಿಲುವು, ಆ ನೋಟ ಅವಳಿಗೆ ಅರ್ಥವಾಗುವುದನ್ನು ದೇಜಪ್ಪ ಕಣ್ಣಾರೆ ಕಂಡ. ಅವನು ತಲೆಯಾಡಿಸಿದ. ಬಾ ಎಂದು ಗಲ್ಲ ಸ್ವಲ್ಪ ಅಲುಗಿಸಿದ, ಅಷ್ಟೆ. ಐತ ಒಳಗೆ ಕಾಲಿಟ್ಟ. ತನ್ನ ಗಲ್ಲ ಅಲುಗಿದ್ದಕ್ಕೆ ಒಬ್ಬ ಮನುಷ್ಯ ಹೊಸ್ತಿಲು ದಾಟಿದನಲ್ಲ ಎಂಬ ಹಳೆಯ ಬೆಚ್ಚಗಿನ ಸುಖ, ಈ ಹೊತ್ತಿನಲ್ಲೂ, ಈ ವಾಸನೆಯ ನಡುವೆಯೂ, ಹೊಟ್ಟೆಯೊಳಗೆ ಇಳಿಯಿತು.

ಐತನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ಜೇಬಿನಿಂದ ಚೀಟಿ ತೆಗೆದ. ದೇಜಪ್ಪ ಕೈ ಚಾಚಿದ್ದ, ಆದರೆ ಐತ ಅವನ ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟು ಕೈಯನ್ನು ಬೇಗ ಹಿಂದಕ್ಕೆ ಎಳೆದುಕೊಂಡ. ಚೀಟಿ ಏಸಿಯ ನೀರಿಗೂ ಬೆವರಿಗೂ ನೆನೆದು, ಒಣಗಿ, ಮತ್ತೆ ನೆನೆದು, ಶಾಯಿಯೆಲ್ಲ ನೀಲಿ ಕಲೆಯಾಗಿತ್ತು. ತಾರೀಕು ಏನಿದೆ ಎಂದು ಮಿಸೆಸ್ ಟಿಲ್‌ಮನ್ ಕೇಳಿದಳು. ಓದಲಿಕ್ಕಾಗುವುದಿಲ್ಲ ಮೇಡಂ, ಎಂದ. ಅದು ನಿಜವೇ. ಅವಳು ಬಾಗಿ ಸಿಮೆಂಟು ಚೀಲದ ಬಟ್ಟೆಯನ್ನು ಕತ್ತರಿಯಿಂದ ಸೀಳಿದಳು, ಒಂದು ಸಲ ಕಣ್ಣು ಮುಚ್ಚಿದಳು, ಆಮೇಲೆ ನೆಟ್ಟಗೆ ನಿಂತು ದೇಜಪ್ಪನಿಗೆ ಎದುರಾದಳು.

"ಇವನನ್ನು ಕೇಳಿ. ಇಲ್ಲಿಗೆ ಮೊದಲು ಬಂದದ್ದು ಯಾವತ್ತು? ಸರಿಯಾಗಿ ಕೇಳಿ, ಮಿಸ್ಟರ್ ದೇಜಪ್ಪ. ಇದು ಮೂರು ದಿನದ ಗಾಯ. ಭಾನುವಾರದ ಒಳಗೆ ಬಂದಿದ್ದರೆ ಈಗಲೇ ದಮ್ಮಾಮಿಗೆ ಗಾಡಿ ಕಳಿಸುತ್ತೇನೆ."

ಹಿಂದೆ ನಿಂತಿದ್ದ ಸಿದ್ದೀಕ ದೇಜಪ್ಪನ ಮುಖವನ್ನೇ ನೋಡುತ್ತಿದ್ದ. ದೇಜಪ್ಪ ತುಳುವಿನಲ್ಲಿ ಕೇಳಿದ. ನೀನು ಇಲ್ಲಿಗೆ ಬಂದದ್ದು ಯಾವತ್ತು ಎಂದು ಈ ಅಮ್ಮ ಕೇಳುತ್ತಾರೆ, ಎಂದ. ಕೇಳುವಾಗ ಅವನ ಧ್ವನಿಯಲ್ಲಿ ಏನಿತ್ತೋ, ಕಣ್ಣಿನಲ್ಲಿ ಏನಿತ್ತೋ. ಐತ ಬಹಳ ಹೊತ್ತು ಅವನನ್ನು ನೋಡಿದ. ಜ್ವರದ ಕೆಂಪು ಕಣ್ಣು, ಅದರಲ್ಲಿ ದೂರಿಲ್ಲ, ಸಿಟ್ಟಿಲ್ಲ. ಧನಿಗೆ ಏನೋ ಕಷ್ಟ ಬಂದಿದೆ ಎಂದು ಅವನು ಕಂಡುಕೊಂಡಂತಿತ್ತು. ಆ ಕನಿಕರವನ್ನು ದೇಜಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ನಂಗೆ ದಿನ ವಾರ ಎಲ್ಲ ಎಂತ ಗೊತ್ತುಂಟು ಧನಿಗಳೇ," ಎಂದ ಐತ. "ನೀವು ಯಾವತ್ತು ಹೇಳ್ತೀರೋ, ನಾನು ಬಂದದ್ದು ಆವತ್ತೇ."

ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ದೇಜಪ್ಪನಿಗೆ ಬರುತ್ತಿತ್ತು. ಹಾಗೆಯೇ, ಒಂದೊಂದು ಶಬ್ದವನ್ನೂ, ತಿರುಗಿಸಬಹುದಿತ್ತು. ತಿರುಗಿಸಿದ್ದರೆ ಅವಳು ಉಳಿದದ್ದನ್ನು ತಾನೇ ತಿಳಿದುಕೊಳ್ಳುತ್ತಿದ್ದಳು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಇಲ್ಲವೆಂದಲ್ಲ. ಆದರೆ ಬಾಯಿ ಕಟ್ಟಿದ್ದು ಅದಲ್ಲ. ನಿನ್ನೆ ಸಂಜೆ ಇವಳ ತಮ್ಮನಿಗಾಗಿ ಬಂದ ಕಣ್ಣೀರನ್ನು ಇವಳು ನೋಡಿದ್ದಾಳೆ. ಆ ಕಣ್ಣೀರು ಈಗ ಇವಳ ನೆನಪಿನಲ್ಲಿ ಹೊಲಸಾಗಬಾರದು, ಇವಳೊಬ್ಬಳ ಕಣ್ಣಿನಲ್ಲಾದರೂ ತಾನು ಒಳ್ಳೆಯವನಾಗಿ ಉಳಿಯಬೇಕು. ಇಷ್ಟು ಸಣ್ಣ ಆಸೆ. ಅದಕ್ಕೆ ಎದುರಾಗಿ ಅಲ್ಲಿ ಕುರ್ಚಿಯಲ್ಲಿ ಒಂದು ಕಾಲು ಕೊಳೆಯುತ್ತಿತ್ತು.

"ಇವತ್ತು ಬಂದೆ ಅನ್ನುತ್ತಾನೆ ಮೇಡಂ," ಎಂದ ದೇಜಪ್ಪ.

ಸಿದ್ದೀಕ ಕೈಯಲ್ಲಿದ್ದ ಟ್ರೇಯನ್ನು ಸದ್ದಾಗುವಂತೆ ಕೆಳಗಿಟ್ಟ. ಬಾಯಿ ತೆರೆದ. ಸೌದಿಯಲ್ಲಿ ಇರಲು ಬೇಕಾದ ಅವನ ಇಕಾಮಾ ಪರವಾನಗಿ ಮುಂದಿನ ತಿಂಗಳು ಹೊಸದಾಗಬೇಕಿತ್ತು, ಹೆಂಡತಿ ನಫೀಸತ್ ಮೂರನೆಯ ಹೆರಿಗೆಗೆ ತವರಿಗೆ ಹೋಗಿದ್ದಳು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಮಿಸೆಸ್ ಟಿಲ್‌ಮನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಂದು ಶಬ್ದ ಹೇಳಲು ಅವನು ಬಹಳ ಹೊತ್ತು ತೆಗೆದುಕೊಂಡ, ಎಂದಳು. ನೋವಿದೆಯಲ್ಲ ಮೇಡಂ, ಎಂದ ದೇಜಪ್ಪ. ಹೌದು, ನೋವಿದೆ, ಎಂದಳು ಅವಳು. ಆಮೇಲೆ ಅವಳು ಅವನ ಹೆಸರು ಹಿಡಿದು ಕರೆಯಲಿಲ್ಲ. ಮ್ಯಾನೇಜರ ಕೋಣೆಗೆ ಹೋಗಿ ಒಂದು ಗಂಟೆ ಜಗಳಾಡಿದ್ದು ಗೋಡೆಯ ಈಚೆಗೂ ಕೇಳಿಸಿತು. ಮ್ಯಾನೇಜರು ರಿಜಿಸ್ಟರು ತರಿಸಿದ. ರಿಜಿಸ್ಟರಿನಲ್ಲಿ ಶನಿವಾರವಿಲ್ಲ, ಭಾನುವಾರವಿಲ್ಲ, ಸೋಮವಾರವಿಲ್ಲ. ಮಂಗಳವಾರ, ಹತ್ತು ಗಂಟೆ ಇಪ್ಪತ್ತು ನಿಮಿಷ, ಬಂದ ಐದೇ ನಿಮಿಷದಲ್ಲಿ ತಪಾಸಣೆ. ಕಾಯಿಸದೆ ನೋಡಿದ್ದಾರಲ್ಲ ಎಂದನಂತೆ. ಅವಳ ಫಾರಮ್ಮಿನಲ್ಲೂ ಹಾಗೆಯೇ ಏರಿತು. ಇಡೀ ವಾರದಲ್ಲಿ ಅತಿ ಕಡಿಮೆ ಹೊತ್ತು ಕಾದ ಏಷ್ಯದವನು ಐತನೇ ಆದ.

ಗುರುವಾರ ಕಂಟ್ರಾಕ್ಟರನ ಪಿಕಪ್ಪು ಅವನನ್ನು ಧಹ್ರಾನಿನ ವಿಮಾನಕ್ಕೆ ಒಯ್ದಿತು. ಜೊತೆಗೆ ಹೋಗಿ ಬಂದ ಸಿದ್ದೀಕ ಕೋಣೆಗೆ ಬಂದವನೇ ತನ್ನ ಚಾಪೆಯನ್ನು ಸುತ್ತಿಕೊಂಡು ಪಕ್ಕದ ಕೋಣೆಗೆ ನಡೆದ. ಬೊಂಬಾಯಿ ಮುಟ್ಟುವಾಗ ಕಾಲು ಇರ್ತದೋ ಅವನೇ ಇರ್ತಾನೋ ಅಲ್ಲಾಹನಿಗೆ ಗೊತ್ತು, ಎಂದ. ವಿಮಾನ ಹತ್ತುವ ಮೊದಲು ಐತ ಹೇಳಿ ಕಳಿಸಿದ್ದು ಒಂದೇ ಮಾತಂತೆ, ಧನಿಗಳಿಗೆ ತೊಂದರೆ ಏನೂ ಆಗಲಿಲ್ಲ ತಾನೇ ಎಂದು.

ಶನಿವಾರ ಬೆಳಿಗ್ಗೆ ದೇಜಪ್ಪ ಏಳಕ್ಕೆ ಮೊದಲೇ ಬಂದ. ಮಿಸೆಸ್ ಟಿಲ್‌ಮನ್ ಹೋಗಿಯಾಗಿತ್ತು, ಹೋಗುವಾಗ ಎಲ್ಲರ ಕೈ ಕುಲುಕಿದ್ದಳು, ಅವನದನ್ನೂ. ಏಸಿಯ ಸಂದು ತೆರೆದ. ವಾಸನೆ ಇರಲಿಲ್ಲ. ಮೊದಲ ಸಲ ಅವನು ಕಟ್ಟಡದ ಹಿಂದಕ್ಕೆ ಹೋದ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಗೋಡೆಯ ಬುಡದಲ್ಲಿ ಬೆನ್ನು ಒರಗಿದ ಎಣ್ಣೆಯ ಗುರುತು, ನೆಲದಲ್ಲಿ ಹಿಮ್ಮಡಿಯ ಗುಳಿ. ಕೂರಲು ಹಾಸಿಕೊಳ್ಳುತ್ತಿದ್ದ ರಟ್ಟಿನ ತುಂಡನ್ನು ಐತ ನಾಲ್ಕು ಮಡಿಕೆ ಮಾಡಿ, ಏಸಿಯ ಕಬ್ಬಿಣದ ಪಟ್ಟಿಗೆ ಸಿಕ್ಕಿಸಿ ಇಟ್ಟಿದ್ದ, ನಾಳೆಗೆ ಬೇಕೆಂದು ಸೋಮವಾರ ಇಟ್ಟದ್ದು, ಮಂಗಳವಾರ ಜ್ವರದಲ್ಲಿ ಬಿಡಿಸಲಾಗದೆ ಹಾಗೆಯೇ ಉಳಿದದ್ದು. ಬೇಲಿಗೆ ಗೆರಟೆ ಸಿಕ್ಕಿಸಿ ಬರುತ್ತಿದ್ದ ಅಪ್ಪನ ಮುಖ ನೆನಪಾಯಿತು. ದೇಜಪ್ಪ ಅಲ್ಲಿ ನಿಂತು ಅತ್ತ, ಬಾಯಿ ಬಿಟ್ಟು, ಸದ್ದು ಮಾಡಿ ಅತ್ತ. ಏಸಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸುವ ಹಾಗಿರಲಿಲ್ಲ. ಆಮೇಲೆ ರಟ್ಟನ್ನು ಎಳೆದು ತೆಗೆದ, ಕಸದ ಡಬ್ಬಿಗೆ ಹಾಕಿದ, ಕಣ್ಣು ಒರೆಸಿಕೊಂಡು ಒಳಗೆ ಬಂದ. ಪಠಾಣರ, ಥಾಯ್‌ಗಳ, ಯೆಮೆನಿನವರ ಬೆವರು ಹತ್ತಿದ ಹಳದಿ ಕಾರ್ಡುಗಳನ್ನು ದಿನಾ ಮುಟ್ಟುವ, ಈಗ ಐತನ ರಟ್ಟು ಮುಟ್ಟಿದ ಕೈ ಅದು, ನಾಲ್ಕು ವರ್ಷದಲ್ಲಿ ಊಟದ ಹೊತ್ತಿಗಲ್ಲದೆ ಅದನ್ನು ತೊಳೆಯಬೇಕೆಂದು ಅವನಿಗೆ ಅನ್ನಿಸಿದ್ದಿಲ್ಲ. ಕಿಟಕಿಯ ಆಚೆ ಸಾಲು ಸೇರತೊಡಗಿತ್ತು. ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದುಕೊಂಡಾಗ ಅದ್ಯಾಕೋ ಬೆರಳುಗಳಿಂದ ಜಾರಿತು. ನೋಡಿದರೆ ಎರಡೂ ಕೈ ಮೊಣಕೈವರೆಗೆ ಒದ್ದೆಯಾಗಿದ್ದವು, ಡೆಟಾಲಿನ ವಾಸನೆ ಹೊಡೆಯುತ್ತಿದ್ದವು. ಯಾವಾಗ ತೊಳೆದೆನೆಂದು ಅವನಿಗೆ ನೆನಪಿರಲಿಲ್ಲ.